ಬಲಗೆನ್ನೆಯ ತಕರಾರು

ಸೆಪ್ಟೆಂಬರ್ 2, ಸೋಮವಾರ

ಬರೆಯಲು ಕುಳಿತದ್ದಕ್ಕೆ ಮೊದಲು ಸಾರಿ. ಯಾರಿಗೆ ಸಾರಿ ಹೇಳುತ್ತಿದ್ದೇನೋ ಗೊತ್ತಿಲ್ಲ. ಆರನೇ ಕ್ಲಾಸಿನಿಂದ ಪಿಯುಸಿವರೆಗೆ ಇದ್ದ ರೆಸಿಡೆನ್ಶಿಯಲ್ ಸ್ಕೂಲಿನಲ್ಲಿ ಪ್ರತಿ ಶನಿವಾರ ಮೇಟ್ರನ್ ನಮ್ಮ ಡೈರಿಗಳನ್ನು ತರಿಸಿ ಓದುತ್ತಿದ್ದರು. ಅದಕ್ಕೇ ಎಲ್ಲರೂ ಮೊದಲ ಸಾಲಿನಲ್ಲೇ ಏನೋ ಒಂದಕ್ಕೆ ಕ್ಷಮೆ ಕೇಳಿಬಿಡುತ್ತಿದ್ದೆವು. ಇಲ್ಲಿ, ಗೋಕಾಕದ ಈ ಲೇಡೀಸ್ ಹಾಸ್ಟೆಲಿನಲ್ಲಿ, ಯಾರ ಡೈರಿಯನ್ನೂ ಯಾರೂ ಓದುವುದಿಲ್ಲವಂತೆ. ನನಗೆ ನಂಬಿಕೆ ಇಲ್ಲ. ಕೆಮಿಸ್ಟ್ರಿ ರೆಕಾರ್ಡಿನ ಕವರ್ ಹಾಕಿದ್ದೇನೆ.

ಬರೆಯುವ ಕಾರಣ ರ‍್ಯಾಗಿಂಗ್. ಪ್ರೂವ್ ಆಗಿಲ್ಲ, ಆದರೆ ಶುರುವಾಗಿದೆ ಅಂತ ನನ್ನ ಡೌಟು.

ರೂಮಿನಲ್ಲಿ ಮೂವರು. ನಾನು ಬಿ.ಎಸ್ಸಿ. ಫಸ್ಟ್ ಇಯರ್. ನನ್ನದೇ ಕ್ಲಾಸಿನ ಅನುರಾಧಾ ಅಂಕಲಗಿಯವಳು, ಒಳ್ಳೆಯವಳು. ಮೂರನೆಯವಳು ಮಾಯಾ, ಸೆಕೆಂಡ್ ಇಯರ್, ಮೂಡಲಗಿ ಕಡೆ ಹೊಲಗಳ ನಡುವಿನ ಒಂದು ವಸ್ತಿಯಿಂದ ಬಂದವಳು. ಮನೆಯಲ್ಲಿ ಕುರಿ ಸಾಕುತ್ತಾರೆ. ಅವಳ ಕಂಬಳಿಯಿಂದ ಒಂದು ವಾಸನೆ ಬರುತ್ತದೆ, ಅನುರಾಧಾ ಎದ್ದು ಕಿಟಕಿ ತೆಗೆಯುತ್ತಾಳೆ.

ಇವತ್ತು ಬಸ್ ಸ್ಟ್ಯಾಂಡಿನಲ್ಲಿ ಆಟೋ ಸಿಗದೆ, ಬ್ಯಾಗು ಹೊತ್ತುಕೊಂಡು ಏರು ಹತ್ತಿ ಬಂದೆ. ಬಾಗಿಲು ತೆಗೆದ ಮಾಯಾ ಒಳಗೆ ಬಾ ಅನ್ನಲಿಲ್ಲ. ನನ್ನ ಮುಖವನ್ನೇ ನೋಡಿದಳು.

“ಏ ವಿದ್ಯಾ, ನಿನ್ನ ಮಾರಿ ಒಂದ ಬಾಜೂ ಅಷ್ಟ ಕೆಂಪ ಆಗೇತಲ್ಲ. ಈ ಕಡೆ ಟೊಮ್ಯಾಟಿ, ಈ ಕಡೆ ಮೂಲಂಗಿ.”

ಹೋಗಿ ಮುಖ ತೊಳೆದು, ಕಾರಿಡಾರಿನ ಕೊನೆಯ ಕನ್ನಡಿಯಲ್ಲಿ ನೋಡಿದೆ. ಎರಡೂ ಕಡೆ ಒಂದೇ ಬಣ್ಣ. ಅನುರಾಧಾಳನ್ನು ಕೇಳಿದೆ. “ಏನಿಲ್ಲ ಬಿಡ, ಚಂದ ಕಾಣಸ್ತಿ” ಅಂದಳು.

ಇದು ಸೀನಿಯರ್‌ಗಳ ಹೊಸ ಮೆಥಡ್ ಇರಬೇಕು. ಹೊಡೆಯುವುದಿಲ್ಲ, ಹಾಡು ಹೇಳಿಸುವುದಿಲ್ಲ. ಇಲ್ಲದ್ದನ್ನು ಇದೆ ಅನ್ನುತ್ತಾರೆ, ನಾವೇ ಕನ್ನಡಿಗೆ ಓಡಾಡಬೇಕು.

ಸೆಪ್ಟೆಂಬರ್ 5, ಗುರುವಾರ

ಈಗ ವಾರ್ಡನ್ ಕೂಡ ಸೇರಿದ್ದಾರೆ.

ಪಿ.ಟಿ. ಸರ್ ಫಸ್ಟ್ ಇಯರ್‌ನವರನ್ನೆಲ್ಲ ಗ್ರೌಂಡ್ ಸುತ್ತ ಓಡಿಸಿದರು. ವಾಪಸ್ ಬರುವಾಗ ಗೇಟಿನಲ್ಲಿ ವಾರ್ಡನ್ ಮ್ಯಾಡಮ್ ನನ್ನ ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದರು.

“ಯಾರ ಹೊಡದ್ರ ನಿನಗ?”

“ಯಾರೂ ಇಲ್ರಿ ಮ್ಯಾಡಮ್.”

“ಬಲಗಲ್ಲ ಅಷ್ಟ ಕೆಂಪ ಐತಿ. ಎದುರಿಗೆ ನಿಂತ ಎಡಗೈಲೆ ಹೊಡದಂಗ ಐತಿ. ಯಾಂವರ ಎಡಚ ಹುಡುಗ ಬೆನ್ನ ಹತ್ಯಾನೇನ?”

ಹಿಂದಿದ್ದ ಹುಡುಗಿಯರೆಲ್ಲ ನಕ್ಕರು. ಊಟಕ್ಕೆ ಹೋದರೆ ಅಡುಗೆಯ ಸಾವಂತ್ರೆವ್ವ ರೊಟ್ಟಿ ಹಾಕುತ್ತ, “ತಂಗೀ, ಎಡಚರು ಭಾಳ ಶ್ಯಾಣ್ಯಾ ಇರತಾರ, ಮನಸಿಗೆ ಹಚಗೋಬ್ಯಾಡ” ಅಂದಳು. ಸಂಜೆಯ ಹೊತ್ತಿಗೆ ನನಗೊಬ್ಬ ಎಡಗೈಯ ಪ್ರೇಮಿ ಇದ್ದಾನೆಂದು ಇಡೀ ಹಾಸ್ಟೆಲಿಗೆ ಗೊತ್ತಿತ್ತು. ನನಗೆ ಮಾತ್ರ ಅವನ ಪರಿಚಯವಿಲ್ಲ.

ಮ್ಯಾಡಮ್‌ಗೆ ಮೊದಲೇ ಹೇಳಿಕೊಟ್ಟವರು ಯಾರು? ಮಾಯಾ ಬೆಳಿಗ್ಗೆ ಅವರ ರೂಮಿನಿಂದ ಹೊರಗೆ ಬರುವುದನ್ನು ನೋಡಿದ್ದೇನೆ.

ಸೆಪ್ಟೆಂಬರ್ 8, ಭಾನುವಾರ

ಸೈನ್ಸ್ ಸ್ಟುಡೆಂಟ್ ಅಂದಮೇಲೆ ಅಳುವುದಕ್ಕಿಂತ ಮೊದಲು ಎಕ್ಸ್‌ಪೆರಿಮೆಂಟ್ ಮಾಡಬೇಕು. ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಹಾಸ್ಟೆಲಿನ ಮೆಟ್ಟಿಲು ಹತ್ತಿ ಇಳಿದೆ, ಮತ್ತೆ ಹತ್ತಿ ಇಳಿದೆ. ಹೊರಗೆ ಜಿಟಿಜಿಟಿ ಮಳೆ, ತಣ್ಣನೆಯ ಗಾಳಿ. ಏದುಸಿರು ಬಂತು, ಬೆವರು ಬರಲಿಲ್ಲ. ಕನ್ನಡಿಯಲ್ಲಿ ಏನೂ ಇಲ್ಲ.

ಕನ್‌ಕ್ಲೂಷನ್: ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ.

ನಮ್ಮ ಸ್ಕೂಲಿನಲ್ಲಿ ಕನ್ನಡಿಯೇ ಇರಲಿಲ್ಲ, ಹುಡುಗಿಯರು ಹಾಳಾಗುತ್ತಾರೆಂದು. ಒಬ್ಬರ ಜಡೆ ಒಬ್ಬರು ಹಾಕುತ್ತಿದ್ದೆವು. ಅಷ್ಟು ವರ್ಷದಲ್ಲಿ ಒಬ್ಬರಾದರೂ ನನ್ನ ಮುಖದ ಬಗ್ಗೆ ಒಂದು ಮಾತು ಆಡಿಲ್ಲ. ಗೋಕಾಕಕ್ಕೆ ಬಂದ ಕೂಡಲೇ ಮುಖ ಎರಡು ಭಾಗವಾಯಿತೇ?

ಸೆಪ್ಟೆಂಬರ್ 16, ಸೋಮವಾರ

ಶನಿವಾರ ಊರಿಗೆ ಹೋಗಿದ್ದೆ. ಅಪ್ಪ ಹಿಡಕಲ್ ಡ್ಯಾಮಿನಲ್ಲಿ ಕೆಲಸ ಮಾಡುವುದರಿಂದ ನಮ್ಮ ಮನೆ ಹುಕ್ಕೇರಿ ತಾಲೂಕಿನ ಆ ಕಡೆಯ ಕ್ವಾರ್ಟರ್ಸಿನಲ್ಲಿದೆ. ಅವ್ವ ನನ್ನ ಮುಖ ನೋಡಿ, ಸೊರಗಿದ್ದೇನೆ ಅಂದಳು. ಬೇರೇನೂ ಅನ್ನಲಿಲ್ಲ. ಅಲ್ಲಿ ಮಲಗಿದ್ದೇ ಮಲಗಿದ್ದು, ಓಡಿಸುವವರು ಯಾರೂ ಇಲ್ಲ.

ಇವತ್ತು ಬೆಳಿಗ್ಗೆ ಗೋಕಾಕದ ಬಸ್ಸಿನಲ್ಲಿ ಜನವೋ ಜನ. ಬಲಗಡೆಯ ಕಿಟಕಿ ಸಿಕ್ಕಿತು. ಇಳಿದು ಆಟೋ ಹತ್ತಿದಾಗ ಡ್ರೈವರ್ ಕನ್ನಡಿಯಲ್ಲಿ ನೋಡಿ, “ತಂಗೀ, ಹಲ್ಲ ನೋವೈತೇನ?” ಅಂದ. ಬಗ್ಗಿ ಅದೇ ಕನ್ನಡಿಯಲ್ಲಿ ನೋಡಿಕೊಂಡೆ.

ಇತ್ತು.

ಹಣೆಯ ನಡುವೆ, ಮೂಗಿನ ಮೇಲೆ, ತುಟಿಯವರೆಗೆ ಯಾರೋ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಬೆರಳಿನಿಂದ ಉಜ್ಜಿದೆ, ಹೋಗಲಿಲ್ಲ. ಆಮೇಲೆ ಅರ್ಥವಾಯಿತು: ಬಲಗಡೆಯ ಕಿಟಕಿ, ಬೆಳಗಿನ ಬಿಸಿಲು. ಆ ಕಡೆ ಸುಟ್ಟಿದೆ, ಅಷ್ಟೇ. ಹಾಸ್ಟೆಲಿಗೆ ಬಂದು ಮುಖ ತೊಳೆಯುವಷ್ಟರಲ್ಲಿ ಹೋಗಿತ್ತು.

ಬಿಸಿಲಿಗೆ ಸುಟ್ಟದ್ದು ಅಷ್ಟು ಬೇಗ ಹೋಗುತ್ತದೆಯೇ ಅಂತ ಅನುರಾಧಾಳನ್ನು ಕೇಳಿದೆ. ಹೋಗುತ್ತದೆ ಅಂದಳು. ಒಳ್ಳೆಯದಾಯಿತು.

ಸೆಪ್ಟೆಂಬರ್ 24, ಮಂಗಳವಾರ

ಫೇಸ್ ಕ್ರೀಮ್ ಬದಲಾಯಿಸಿದೆ. ಸೋಪು ಟ್ರಂಕಿನ ಒಳಗೆ, ಟ್ರಂಕಿಗೆ ಬೀಗ. ಮಾಯಾ ಒಮ್ಮೆ ನನ್ನ ಸೋಪು ತೆಗೆದುಕೊಂಡು ಹೋಗಿದ್ದಳು, ಏನು ಬೆರೆಸಿದಳೋ. ಕ್ಲಾಸಿನಲ್ಲಿ ಬಲಗೆನ್ನೆ ಗೋಡೆಗೆ ಬರುವಂಥ ಬೆಂಚಿಗೆ ಬದಲಾದೆ. ದುಪಟ್ಟಾ ಬಲಗಡೆ ಎಳೆದುಕೊಳ್ಳುತ್ತೇನೆ. ಒಂದು ಲೆಕ್ಚರ್ ಕೂಡ ಪೂರ್ತಿ ತಲೆಗೆ ಇಳಿಯಲಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮಾಯಾ ಸಿಕ್ಕಿದಳು. ಬೇಕೆಂದೇ ಬಂದಿದ್ದಾಳೆ.

“ಮುಂದಿನ ಸಲ ಓಡಿದಾಗ ಎಡಗಡೆ ಹಣಿ ಮುಟ್ಟಿ ನೋಡ. ಕಟ್ಟಿಗಿ ಇದ್ದಂಗ ಒಣಾ ಇರತೈತಿ. ಬಲಗಡೆ ನೀರ ಇಳಿತಿರತಾವ.”

“ನೀ ಯಾಕ ನನ್ನನ್ನ ಅಷ್ಟು ವಾಚ್ ಮಾಡತಿ?”

“ಒಂದ ಖೋಲ್ಯಾಗ ಇದ್ದ ಮ್ಯಾಲ ಕಾಣಸದಂಗ ಇರತೈತೇನ? ಡಾಕ್ಟರಿಗೆ ತೋರಸ್ತೀಯೋ ಇಲ್ಲೋ?”

ಹಾಗಾದರೆ ಪ್ಲ್ಯಾನ್ ಇದು: ನನ್ನನ್ನು ರೋಗಿ ಮಾಡಿ ಮನೆಗೆ ಕಳಿಸುವುದು. ನಿನಗೇನು ಲಾಭ ಅಂತ ನೇರವಾಗಿ ಕೇಳಿದೆ. ಅವಳು ಸೀರೆಯ ನೀರು ಹಿಂಡುತ್ತ ನಕ್ಕಳು.

“ನನ್ನ ಲಾಭಾ ನೋಡ್ಕೊಳ್ಳಾಕ ನನಗ ಸಾಕಷ್ಟ ಐತಿ. ನಮ್ಮ ವಸ್ತಿಗೆ ಬಸ್ ಇಲ್ಲ. ಹಾಸ್ಟೆಲ್ ಇರೂತನಾ ಕಾಲೇಜ್ ಅಂತ ನಮ್ಮಣ್ಣ ಮೊದಲ ಹೇಳ್ಯಾನ. ಇದು ಹೋತಂದ್ರ ಕುರಿ ಹಿಂದ ರೊಟ್ಟಿ ಬಡಕೋತ ಅಡ್ಡಾಡೂದ. ಮತ್ತೊಬ್ಬರನ್ನ ಹೊರಗ ಹಾಕಿ ನಾ ಏನ ಮಾಡ್ಲಿ?”

ಕನಿಕರ ಬರಲಿ ಅಂತ ಹೇಳಿದಳು. ನನಗೆ ಗೊತ್ತಾಗುತ್ತದೆ. ಸ್ವಲ್ಪ ಬಂತು ಕೂಡ.

ಅಕ್ಟೋಬರ್ 7, ಸೋಮವಾರ

ದಿಂಬಿನ ಕೆಳಗೆ ಹಳದಿ ಪುಡಿ.

ಚಾದರ ಕೊಡವಲು ದಿಂಬು ಎತ್ತಿದೆ, ಕಾಗದದ ಸಣ್ಣ ಪೊಟ್ಟಣ ಬಿಚ್ಚಿಕೊಂಡು ಬಿತ್ತು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಪೊಟ್ಟಣವನ್ನು ಕರ್ಚೀಫಿನಿಂದ ಎತ್ತಿದೆ. ಮಾಯಾ ನಿನ್ನೆಯಷ್ಟೇ ಊರಿನಿಂದ ಬಂದಿದ್ದಾಳೆ, ಅವರ ಮನೆಯಲ್ಲಿ ನವರಾತ್ರಿಗೆ ದೇವರ ಮುಂದೆ ಕೊಡ ಇಟ್ಟು ಘಟ್ಟ ಹಾಕಿದ್ದಾರೆ.

ಅನುರಾಧಾ ಬಾಯಿ ಮೇಲೆ ಕೈ ಇಟ್ಟುಕೊಂಡು, “ಮಾಟ ಇರಬೇಕ ನೋಡ” ಅಂದಳು. ಮಾಯಾ ಬಂದಾಗ ಪೊಟ್ಟಣವನ್ನು ಅವಳ ಮುಂದೆ ಹಿಡಿದೆ.

“ಇದೇನ?”

“ಭಂಡಾರ. ಅರಿಷಿಣ. ನಮ್ಮ ದೇವರದು. ನಮ್ಮವ್ವ ನಿನ್ನ ಸಲವಾಗಿ ಕೊಟ್ಟಾಳ.”

“ನಿಮ್ಮವ್ವಗ ನಾನು ಹೆಂಗ ಗೊತ್ತು?”

“ನಾ ಹೇಳಿನ್ನಿ. ಹಿಂಗ ಒಬ್ಬಾಕಿ ಅದಾಳ, ಅರ್ಧಾ ಮಾರಿ ಅಷ್ಟ ಬೆವರತೈತಿ ಅಂತ. ಅದಕ ನಮ್ಮವ್ವ, ಆ ಹುಡಿಗಿ ಮನ್ಯಾಗ ಯಾವದೋ ಹರಕಿ ಅರ್ಧಾ ಮಾಡಿ ಬಿಟ್ಟಿರಬೇಕ, ದೇವ್ರು ಅರ್ಧಾ ಅಷ್ಟ ಒಪಗೊಂಡಾನ, ಉಳದ ಅರ್ಧಾ ಏನ ಅಂತ ಅವರವ್ವನ್ನ ಕೇಳಾಕ ಹೇಳ ಅಂದ್ಲು.”

“ನೀನೂ ಸೈನ್ಸ್ ಓದತಿಯಲ್ಲ?”

“ಓದತೇನಿ. ಅದಕ ಡಾಕ್ಟರಿಗೆ ತೋರಸ್ ಅಂತನೂ ಹೇಳಾಕತ್ತೇನಿ. ಎರಡೂ ಮಾಡ, ಯಾವದರ ಹತ್ತತೈತಿ.”

ಅಂದರೆ ನನ್ನ ಮುಖದ ಚರ್ಚೆ ಮೂಡಲಗಿ ತಾಲೂಕಿನವರೆಗೂ ಹೋಗಿದೆ. ಪೊಟ್ಟಣವನ್ನು ಕಿಟಕಿಯಿಂದ ಎಸೆಯಬೇಕೆಂದಿದ್ದೆ, ಧೈರ್ಯ ಸಾಲಲಿಲ್ಲ. ಅವಳ ಮಂಚದ ಮೇಲೆ ಇಟ್ಟೆ.

ಅಕ್ಟೋಬರ್ 8, ಮಂಗಳವಾರ

ಅವ್ವನಿಗೆ ಫೋನ್ ಮಾಡಿ ನಗುತ್ತ ಕೇಳಿದೆ: ನಮ್ಮ ಮನೆಯಲ್ಲಿ ಅರ್ಧಕ್ಕೆ ಬಿಟ್ಟ ಹರಕೆ ಏನಾದರೂ ಇದೆಯಾ? ಇಂಥ ಹುಚ್ಚು ಮಾತು ಯಾರು ಹೇಳಿದರು ಅಂತ ಬೈಯುತ್ತಾಳೆ ಅಂದುಕೊಂಡಿದ್ದೆ. ಅವ್ವ ಟಿವಿಯ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು.

“ಯಾರ ಹೇಳಿದ್ರ ನಿನಗ?”

“ಏನನ್ನ?”

“ಸವದತ್ತಿ ಗುಡ್ಡಕ್ಕ ನಡಕೋತ ಬರತೇವಂತ ಬೇಡಕೊಂಡಿದ್ನಿ. ಅರ್ಧಾ ದಾರಿ ನಡದೀವಿ. ಆಮ್ಯಾಲ ನಿಮ್ಮಪ್ಪಗ ಕಾಲ ಬಾತು, ಟೆಂಪೋ ಹತ್ತಿದಿವಿ. ಅವಾಗ ನಾ ಬ್ಯಾಡ ಅಂತನ ಹೇಳಿದ್ನಿ.”

“ಯಾತಕ್ಕ ಬೇಡಿಕೊಂಡಿದ್ದಿ?”

ಮೊದಲು ಊಟ ಆಯಿತಾ ಅಂತ ಕೇಳಿದಳು. ಕೊನೆಗೆ ಬಂತು. ನಾನು ಸಣ್ಣವಳಿದ್ದಾಗ ಎಡಗಡೆ ಕುತ್ತಿಗೆಯಲ್ಲಿ ಗಡ್ಡೆ ಆಗಿತ್ತಂತೆ, ಬೆಳಗಾವಿಯಲ್ಲಿ ಆಪರೇಷನ್ ಮಾಡಿ ತೆಗೆಸಿದ್ದಾರೆ. ನನ್ನ ಕುತ್ತಿಗೆಯ ಮೇಲಿರುವ ಹಳೆಯ ಗೆರೆ ಚಿಮಣಿ ದೀಪ ಬಿದ್ದು ಸುಟ್ಟದ್ದು ಅಂತ ಇಷ್ಟು ದಿನ ಹೇಳಿದ್ದರು.

“ಹೆಣ್ಣ ಹುಡಿಗಿ, ಆಪರೇಷನ್ ಅಂದ್ರ ಮಂದಿ ಏನೇನರ ತಿಳಕೋತಾರ. ಯಾರ ಮುಂದೂ ಅನಬ್ಯಾಡ.”

ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ. ಇಂಥ ಮನೆಯಲ್ಲಿ ಬೆಳೆದವಳು ಯಾರನ್ನು ನಂಬಬೇಕು? ಮಾಯಾಳಿಗೆ ಇದನ್ನು ಹೇಳುವುದಿಲ್ಲ. ಅವಳ ಅವ್ವ ಗೆದ್ದ ಹಾಗಾಗುತ್ತದೆ.

ಅಕ್ಟೋಬರ್ 14, ಸೋಮವಾರ

ಪ್ರೂಫ್ ಸಿಕ್ಕಿತು.

ಮಧ್ಯಾಹ್ನ ಅನುರಾಧಾ ಕ್ಯಾಂಟೀನಿನ ಹಿಂದೆ ಕರೆದುಕೊಂಡು ಹೋಗಿ ಹೇಳಿದಳು: ಮಾಯಾಳ ಫೋನಿನಲ್ಲಿ ನನ್ನ ವಿಡಿಯೋ ಇದೆ, ಯಾವನೋ ಹುಡುಗನಿಗೆ ಕಳಿಸಿದ್ದಾಳೆ, ತಾನು ಕಣ್ಣಾರೆ ನೋಡಿದ್ದೇನೆ ಅಂತ. ರೂಮಿಗೆ ಹೋಗಿ ಫೋನ್ ಕೊಡು ಅಂದೆ. ಮಾಯಾ ಕೊಟ್ಟಳು, ಹೆದರಲೇ ಇಲ್ಲ.

ದಸರಾ ರಜೆ ಮುಗಿಸಿ ನಾನು ಬ್ಯಾಗು ಹೊತ್ತು ಮೆಟ್ಟಿಲು ಹತ್ತಿ ಬರುತ್ತಿರುವುದು. ಬಲಗಡೆ ಕೆಂಡ, ಎಡಗಡೆ ಸುಣ್ಣ. ಏನೋ ಫಿಲ್ಟರ್ ಹಾಕಿದ್ದಾಳೆ. ಮೇಲೆ, ಯಾರಿಗೆ ಕಳಿಸಿದ್ದೋ ಅವನ ಹೆಸರು: ಯಲ್ಲಾಲಿಂಗ.

“ಯಾರಿಂವಾ?”

“ನಮ್ಮ ಕಾಕಾನ ಮಗ. ಬೆಳಗಾವ್ಯಾಗ ನರ್ಸಿಂಗ್ ಓದಾಕತ್ತಾನ. ಹಿಂಗ ಆಗೂದಕ ಏನಂತಾರ ಕೇಳಿನ್ನಿ. ನೀ ಅಂತೂ ನಂಬವಲ್ಲಿ.”

“ನನ್ನನ್ನ ಕೇಳಿ ತಗದಿಯೇನ?”

“ಕೇಳಿದ್ರ ನೀ ಮಾರಿ ಮುಚ್ಚಕೋತಿದ್ದಿ” ಅಂದಳು.

ಸಿಕ್ಕಿಬಿದ್ದವರಿಗೆಲ್ಲ ನರ್ಸಿಂಗ್ ಓದುವ ಒಬ್ಬ ಕಾಕಾನ ಮಗ ಇರುತ್ತಾನೆ. ಸಂಜೆ ಕಂಪ್ಲೇಂಟ್ ಬರೆದುಕೊಟ್ಟೆ: ರ‍್ಯಾಗಿಂಗ್, ಅಪಹಾಸ್ಯ, ಪರ್ಮಿಷನ್ ಇಲ್ಲದೆ ವಿಡಿಯೋ. ಅನುರಾಧಾ ಸಾಕ್ಷಿ ಅಂತ ಸೈನ್ ಮಾಡಿದಳು. ವಾರ್ಡನ್ ಮ್ಯಾಡಮ್ ತಮ್ಮ ಮುಂದೆಯೇ ವಿಡಿಯೋ ಡಿಲೀಟ್ ಮಾಡಿಸಿದರು. ಕಮಿಟಿ ಕೂರುತ್ತದೆ, ತಪ್ಪು ಅಂತಾದರೆ ಹಾಸ್ಟೆಲ್ ಸೀಟು ಹೋಗುತ್ತದೆ ಅಂದರು.

ಹೋದರೆ ಹೋಗಲಿ. ಊಟ ಸೇರಲಿಲ್ಲ.

ಅಕ್ಟೋಬರ್ 17, ಗುರುವಾರ

ಮಾಯಾ ಗೋಡೆಗೆ ಮುಖ ಮಾಡಿ ಓದುತ್ತಾಳೆ. ಕಂಬಳಿಯನ್ನು ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ, ಆದರೂ ಅನುರಾಧಾ ಕಿಟಕಿ ತೆಗೆಯುತ್ತಾಳೆ. ನನಗೆ ಚಳಿಯಾಗಿ ಮುಚ್ಚಿದೆ.

ಅಕ್ಟೋಬರ್ 22, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ, ಇಲ್ಲವಾದರೆ ಆಮೇಲೆ ನಾನೇ ನಂಬುವುದಿಲ್ಲ.

ಪ್ರಿನ್ಸಿಪಾಲರ ಚೇಂಬರಿನಲ್ಲಿ ಎ.ಸಿ. ಇದೆ. ಪ್ರಿನ್ಸಿಪಾಲ್ ಸರ್, ವಾರ್ಡನ್ ಮ್ಯಾಡಮ್, ಪಿ.ಟಿ. ಸರ್. ಒಂದು ಕಡೆ ನಾನು ಮತ್ತು ಅನುರಾಧಾ. ಇನ್ನೊಂದು ಕಡೆ ಮಾಯಾ, ಅವಳ ಅಣ್ಣ ರಾಯಪ್ಪ. ಎತ್ತರದ ಮನುಷ್ಯ, ಹೆಗಲ ಮೇಲೆ ಕಂಬಳಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಮಾಯಾ ಎಲ್ಲದಕ್ಕೂ ಹೌದು ಅಂದಳು. ಹೌದು, ವಿಡಿಯೋ ತೆಗೆದೆ. ಹೌದು, ಕೇಳಿರಲಿಲ್ಲ. ಹೌದು, ಕಳಿಸಿದೆ. ಅಪಹಾಸ್ಯ ಅನ್ನುವುದಕ್ಕೆ ಮಾತ್ರ ಒಪ್ಪಲಿಲ್ಲ.

“ಇದ್ದದ್ದನ್ನ ಇದ್ದಂಗ ಹೇಳೇನ್ರಿ ಸರ್. ಆಕಿಗೆ ಹಂಗ ಆಗತೈತ್ರಿ.”

ಪ್ರಿನ್ಸಿಪಾಲ್ ಸರ್ ನನ್ನನ್ನು ನೋಡಿದರು. ಎ.ಸಿ.ಯಲ್ಲಿ ನನ್ನ ಮುಖ ಎಲ್ಲರ ಮುಖದ ಹಾಗೇ ಇತ್ತು. “ಏನ ಕಾಣವಲ್ದಲ್ವಾ” ಅಂದರು.

“ಒಂದ ಸುತ್ತ ಓಡಸ್ರಿ ಸರ್. ಆಮ್ಯಾಲ ನೋಡ್ರಿ.”

“ಇದು ಕಮಿಟಿ, ಆಟದ ಮೈದಾನ ಅಲ್ಲ.”

ಆಗ ನಾನೇ ಹೇಳಿದೆ, ಓಡುತ್ತೇನೆ ಸರ್ ಅಂತ. ಅವಳು ಸುಳ್ಳಿ ಅಂತ ಎಲ್ಲರೂ ಒಮ್ಮೆಗೇ ನೋಡಲಿ ಅಂದುಕೊಂಡೆ. ಅನುರಾಧಾ ನನ್ನ ಕೈ ಹಿಡಿದು “ಬ್ಯಾಡ, ಕುಂದರ” ಅಂದಳು. ಯಾಕೆ ಬೇಡ ಅಂತ ಆಗ ಯೋಚಿಸಲಿಲ್ಲ.

ಹೊರಗೆ ಉರಿಬಿಸಿಲು. ಪಿ.ಟಿ. ಸರ್ ವಿಸಲ್ ಊದಲಿಲ್ಲ, ಸುಮ್ಮನೆ ಕೈ ಬೀಸಿದರು. ಗ್ರೌಂಡ್ ಸುತ್ತಿ ಬಂದು, ಮುಖ ತೊಳೆಯದೆ, ಹಾಗೇ ವರಾಂಡದಲ್ಲಿ ಎಲ್ಲರ ಎದುರು ನಿಂತೆ.

ಪ್ರಿನ್ಸಿಪಾಲ್ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ವಾರ್ಡನ್ ಮ್ಯಾಡಮ್ ಮೆಲ್ಲಗೆ “ಅಯ್ಯ, ನಾ ಹೊಡದಾರಂತ ತಿಳಕೊಂಡಿದ್ನಿ” ಅಂದರು.

ಮಾಯಾ ರವಿಕೆಯಿಂದ ಅದೇ ಪೊಟ್ಟಣ ತೆಗೆದಳು. “ಹಚ್ಚಲೇನ?” ಅಂತ ಕೇಳಿದಳು. ಈ ಸಲ ಕೇಳಿದಳು. ನಾನು ತಲೆ ಆಡಿಸಿದೆ. ಎರಡೂ ಕೈಯಲ್ಲಿ ಭಂಡಾರ ತೆಗೆದುಕೊಂಡು ನನ್ನ ಎರಡೂ ಕೆನ್ನೆಗೆ, ಹಣೆಗೆ ಒತ್ತಿದಳು. ಆಮೇಲೆ ಮೆಲ್ಲಗೆ ಊದಿದಳು. ಎಡಗಡೆಯದೆಲ್ಲ ಗೋಡೆಯ ಧೂಳಿನ ಹಾಗೆ ಉದುರಿ ನನ್ನ ದುಪಟ್ಟಾದ ಮೇಲೆ ಬಿತ್ತು. ಬಲಗಡೆಯದು ಒದ್ದೆಯಾಗಿ ಅಂಟಿಕೊಂಡಿತು. ಪಿ.ಟಿ. ಸರ್ ತಮ್ಮ ಫೋನಿನ ಕ್ಯಾಮೆರಾ ತಿರುಗಿಸಿ ನನಗೆ ಹಿಡಿದರು. ಅರ್ಧ ಮುಖ ಹಳದಿ, ನಡುವೆ ನೇರ ಗೆರೆ. ಇದಕ್ಕೆ ಕಿಟಕಿಯೂ ಇಲ್ಲ, ಫಿಲ್ಟರೂ ಇಲ್ಲ.

ರಾಯಪ್ಪ ಹತ್ತಿರ ಬಂದು ನೋಡಿ, “ಖರೇ ಐತಿ” ಅಂದ. ತಂಗಿಗೆ ಅಂದನೋ ನನಗೆ ಅಂದನೋ ಗೊತ್ತಾಗಲಿಲ್ಲ.

ಪ್ರಿನ್ಸಿಪಾಲ್ ಸರ್ ಅನುರಾಧಾಳನ್ನು ಕೇಳಿದರು: “ನೀನೂ ಅದ ರೂಮಿನ್ಯಾಗ ಇರತೀಯಲ್ಲ. ನೀ ಇದನ್ನ ಎಂದೂ ನೋಡಿಲ್ಲೇನ?”

“ನೋಡೇನ್ರಿ ಸರ್. ದಿನಾ ನೋಡತೇನ್ರಿ. ಹೇಳಿದ್ರ ಆಕಿಗೆ ಬ್ಯಾಸರ ಆಗತೈತಂತ ಹೇಳಿಲ್ರಿ.”

ದಿನಾ ನೋಡುತ್ತಿದ್ದಳು. “ಚಂದ ಕಾಣಸ್ತಿ” ಅನ್ನುತ್ತಿದ್ದಳು.

ಕೊನೆಗೆ ತೀರ್ಮಾನ: ಅಪಹಾಸ್ಯದ ಮಾತು ಬಿಟ್ಟರೂ ಕೇಳದೆ ವಿಡಿಯೋ ತೆಗೆದು ಹೊರಗೆ ಕಳಿಸಿದ್ದು ತಪ್ಪೇ. ಮುಂದಿನ ಸಿಟ್ಟಿಂಗ್‌ವರೆಗೆ ಮಾಯಾಕ್ಕ ಹಾಸ್ಟೆಲ್ ಬಿಟ್ಟು ಮನೆಯಲ್ಲಿ ಇರಬೇಕು. ಮಾಯಾಕ್ಕ ಅಳಲಿಲ್ಲ, ಟ್ರಂಕು ತೆಗೆದುಕೊಂಡು ಬಂದಳು. ಗೇಟಿನಲ್ಲಿ ರಾಯಪ್ಪ ನನ್ನನ್ನು ನೋಡಿ ನಿಂತ.

“ಓಡಿದೆಲ್ಲವಾ, ಅದ ದೊಡ್ಡದು. ಓಡದಿದ್ರ ನಮ್ಮ ಹುಡಿಗಿ ಸುಳ್ಳಿ ಆಗಿ ಹೋಗತಿದ್ಲು.”

“ಮತ್ತ ಕಳಸ್ರಿ ಅಣ್ಣಾ ಆಕೀನ್ನ.”

“ಹತ್ತ ಮಂದ್ಯಾಗ ನಿಂದರಸಿದ್ರಿ. ಇನ್ನ ಕಳಸಂಗಿಲ್ಲ. ದೀಪಾವಳಿ ಆದ ಕೂಡ್ಲೆ ಕುರಿ ಮೇಯಾಕ ಎರಿ ಹೊಲದ ಕಡೆ ಹೊಂಡತಾವ. ಅಡಗಿಗೆ ಒಬ್ಬರು ಬೇಕ ನಮಗ.”

ಅಕ್ಟೋಬರ್ 24, ಗುರುವಾರ

ಸ್ಕೂಲಿನಲ್ಲಿ ಏಳು ವರ್ಷ ನನ್ನ ಜಡೆ ಹಾಕಿದ ಸಪ್ನಾಗೆ ಮೆಸೇಜ್ ಮಾಡಿದೆ: ನಾನು ಓಡಿದಾಗ ನನ್ನ ಮುಖ ಅರ್ಧ ಕೆಂಪಾಗುತ್ತಿತ್ತಾ?

ತಕ್ಷಣ ಉತ್ತರ ಬಂತು. “ಹೌದಲ್ಲ, ಯಾವಾಗಲೂ. ಎಲ್ಲರಿಗೂ ಗೊತ್ತಿತ್ತು. ನಿನಗೆ ಗೊತ್ತಿರಲಿಲ್ವಾ?” ಕೊನೆಗೆ ನಗುವ ಎಮೋಜಿ.

ಎಲ್ಲರಿಗೂ.

ಅಕ್ಟೋಬರ್ 26, ಶನಿವಾರ

ಅಪ್ಪ ಬಂದಿದ್ದ. ಗೋಕಾಕದಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ನನ್ನನ್ನು ಕ್ಲಿನಿಕ್ಕಿನ ಮೆಟ್ಟಿಲಿನ ಮೇಲೆ ಹತ್ತಿಸಿ ಇಳಿಸಿ ಬೆವರಿಸಿದರು. ಕಣ್ಣಿಗೆ ಟಾರ್ಚ್ ಹಾಕಿದರು. ಆಮೇಲೆ ಕೇಳಿದರು:

“ಯಾವ ಕಡೆ ತೊಂದರಿ ಐತಿ ಅಂತ ತಿಳಕೊಂಡಿ ನೀ?”

“ಬಲಗಡೆ ಸರ್.”

“ಬಲಗಡೆ ಸರಿ ಐತಿ. ಬಿಸಲಾಗ ಓಡಿದ್ರ ಮಾರಿ ಕೆಂಪ ಆಗಬೇಕ, ಬೆವರ ಬರಬೇಕ. ಅದು ತನ್ನ ಕೆಲಸಾ ಮಾಡಾಕತ್ತೈತಿ. ಸುಮ್ನ ಕುಂತದ್ದು ಎಡಗಡೆ.”

ಹಾರ್ಲೆಕ್ವಿನ್ ಸಿಂಡ್ರೋಮ್ ಅಂತ ಹೆಸರು. ಎಡಗಡೆಯ ಮುಖಕ್ಕೆ ಕೆಂಪಾಗು, ಬೆವರು ಅಂತ ಸುದ್ದಿ ಒಯ್ಯುವ ನರ ಎಲ್ಲೋ ನಡುವೆ ಕೆಟ್ಟಿದೆಯಂತೆ. ಬಹಳ ಅಪರೂಪ, ಸಾಮಾನ್ಯವಾಗಿ ಅಪಾಯ ಇಲ್ಲ. ಆದರೆ ಕುತ್ತಿಗೆಯಲ್ಲೋ ಎದೆಯ ಮೇಲ್ಭಾಗದಲ್ಲೋ ನರವನ್ನು ಒತ್ತುವಂಥದ್ದು ಏನೂ ಇಲ್ಲ ಅಂತ ಸ್ಕ್ಯಾನ್ ಮಾಡಿ ನೋಡಲೇಬೇಕು. ಕುತ್ತಿಗೆಗೆ ಎಂದಾದರೂ ಏನಾದರೂ ಆಗಿತ್ತಾ ಅಂತ ಕೇಳಿದರು. ಅಪ್ಪ ನೆಲ ನೋಡಿದ. ನಾನು ಹೇಳಿದೆ: ಎಡಗಡೆ ಗಡ್ಡೆ, ಆಪರೇಷನ್.

“ಇದು ಮೊದಲ ಗೊತ್ತಾಗಬೇಕಿತ್ತು. ಆವಾಗ ನರಕ್ಕ ಪೆಟ್ಟ ಬಿದ್ದಿರಬಹುದು. ಯಾವಾಗಿಂದ ಗೊತ್ತು ನಿನಗ?”

“ಈ ತಿಂಗಳಿಂದ. ನನ್ನ ರೂಮ್‌ಮೇಟಿನ ಅವ್ವ ಕೇಳಾಕ ಹೇಳಿದ್ರು.”

“ಅವ್ರು ನರ್ಸ್ ಏನ?”

ಅಲ್ಲ ಅಂದೆ. ಕುರಿ ಸಾಕುತ್ತಾರೆ ಅಂದೆ.

ಬೆಳಗಾವಿಯಲ್ಲಿ ಸ್ಕ್ಯಾನಿಗೆ ಬುಧವಾರ ಬೆಳಿಗ್ಗೆಯ ಟೈಮ್ ಕೊಡಿಸಿದರು. ಹೊರಗೆ ಬಂದಮೇಲೆ ಅಪ್ಪ ಕಬ್ಬಿನ ಹಾಲು ಕೊಡಿಸಿದ. “ಟೆಂಪೋ ಹತ್ತಬಾರದಿತ್ತು” ಅಂದ. ನಗು ಬಂತು, ಆದರೆ ಅವನು ನಗುತ್ತಿರಲಿಲ್ಲ.

ಅಕ್ಟೋಬರ್ 28, ಸೋಮವಾರ

ಮಾಯಾಕ್ಕನ ಖಾಲಿ ಮಂಚದ ಮೇಲೆ ಅನುರಾಧಾ ತನ್ನ ಸೂಟ್‌ಕೇಸ್ ಇಟ್ಟಿದ್ದಳು. ತೆಗೆ ಅಂದೆ. “ಯಾರೂ ಇಲ್ಲಲ್ಲ” ಅಂದಳು. ನಾನೇ ಎತ್ತಿ ಕೆಳಗಿಟ್ಟೆ. ಇವತ್ತು ನನಗೆ ಹೊಸ ಕ್ಲಿಪ್ ಕೊಟ್ಟು ಚಂದ ಕಾಣಸ್ತಿ ಅಂದಳು. ಕ್ಲಿಪ್ ಹಾಕಿಕೊಳ್ಳಲಿಲ್ಲ. ಏನು ಉದ್ದೇಶವೋ.

ಪ್ರಿನ್ಸಿಪಾಲ್ ಸರ್ ಹತ್ತಿರ ಹೋಗಿ ಕಂಪ್ಲೇಂಟ್ ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ. ಯಾರಾದರೂ ಒತ್ತಾಯ ಮಾಡಿದರಾ ಅಂತ ಎರಡೆರಡು ಸಲ ಕೇಳಿದರು. ಇಲ್ಲ ಅಂದೆ. ಅಷ್ಟರಿಂದಲೇ ಆಗುವುದಿಲ್ಲವಂತೆ. ದೀಪಾವಳಿ ರಜೆಗೆ ಮೊದಲು ಕಮಿಟಿ ಕೂರುವುದು ಬುಧವಾರ ಬೆಳಿಗ್ಗೆ. ಇಬ್ಬರೂ ಎದುರಿಗೆ ನಿಂತು ಹೇಳಬೇಕು. ಮಾಯಾಕ್ಕ ಬರದಿದ್ದರೆ ಸೀಟು ವೇಟಿಂಗಿನಲ್ಲಿರುವವರಿಗೆ ಹೋಗುತ್ತದೆ.

ಅಪ್ಪನಿಗೆ ಫೋನ್ ಮಾಡಿ, ಸ್ಕ್ಯಾನ್ ಹಬ್ಬ ಆದಮೇಲೆ ಇಟ್ಟುಕೊಳ್ಳೋಣ, ಬುಧವಾರ ನನಗೆ ಆಗುವುದಿಲ್ಲ ಅಂದೆ. ಬೈದ. ಬೈದು, ಹೊಸ ಟೈಮ್ ಕೇಳುತ್ತೇನೆ ಅಂದ.

ಮಾಯಾಕ್ಕನ ಫೋನ್ ಹತ್ತುತ್ತಿಲ್ಲ. ವಾರ್ಡನ್ ಮ್ಯಾಡಮ್ ಹತ್ತಿರ ರಾಯಪ್ಪಣ್ಣನ ನಂಬರ್ ಇಸಿದುಕೊಂಡೆ. ಅವನು ನನ್ನ ಮೆಸೇಜನ್ನು ಅವಳಿಗೆ ತೋರಿಸುತ್ತಾನೋ ಇಲ್ಲವೋ, ಡೌಟು ಇದೆ. ಅದಕ್ಕೇ ಮೊದಲು ಇಲ್ಲಿ ಬರೆದು ನೋಡುತ್ತೇನೆ, ಹಾಗೇ ಟೈಪ್ ಮಾಡಿ ಕಳಿಸುತ್ತೇನೆ.

ರಾಯಪ್ಪಣ್ಣಾ, ನಾ ಹಾಸ್ಟೆಲಿನ ವಿದ್ಯಾ. ಇದನ್ನ ಮಾಯಾಕ್ಕಗ ತೋರಸ್ರಿ.

ಮಾಯಾಕ್ಕಾ, ಡಾಕ್ಟರಿಗೆ ತೋರಿಸಿದೆ. ನೀ ಹೇಳಿದ್ದು ಖರೆ ಐತಿ, ಕೆಟ್ಟದ್ದು ಎಡಗಡೆ. ತಕರಾರ ನಾ ತಿರುಗಿ ತೊಗೊಂಡೇನಿ. ಆದ್ರ ಬುಧವಾರ ಹನ್ನೊಂದಕ್ಕ ನೀನೂ ಬಂದು ನನ್ನ ಬಾಜೂಕ ನಿಂದರಬೇಕಂತ, ಇಲ್ಲಂದ್ರ ಸೀಟ ಬ್ಯಾರೆದವರಿಗೆ ಕೊಡತಾರ. ವಿಡಿಯೋ ತಗಿ ಅಂತ ನಾನ ಹೇಳಿದ್ದೆ ಅಂತ ಅನ್ನಂಗಿಲ್ಲ, ಅದು ಸುಳ್ಳ ಆಗತೈತಿ. ತಗದಿದ್ದಕ್ಕ ಈಗ ನನ್ನ ತಕರಾರಿಲ್ಲ ಅಂತ ಹೇಳತೇನಿ. ಅಣ್ಣಾ ಕಳಸಂಗಿಲ್ಲ ಅಂದ್ರ ನಾಳೆ ಮಧ್ಯಾಹ್ನದ ಬಸ್ಸಿಗೆ ನಾನ ಮೂಡಲಗಿಗೆ ಬರತೇನಿ. ಅಲ್ಲಿಂದ ವಸ್ತಿತನಾ ನಡದ ಬರತೇನಿ, ಅರ್ಧಾ ಅಲ್ಲ, ಪೂರಾ. ದಾರಿ ಅಷ್ಟ ಗೊತ್ತಿಲ್ಲ. ನೀ ಬರತೀಯೋ, ನಾ ಬರಲ್ಯೋ, ಲಗೂನ ಉತ್ತರಾ ಕಳಸ.